ಗ್ರೀಸ್ ಮಾವನ ರಿವರ್ಸ್ ಲೆಕ್ಕ

ಬೆಳಗಿನ ಐದೂವರೆ. ಶೆಡ್ಡಿನ ಬಾಗಿಲು ಅರ್ಧ ತೆರೆದಿದೆ. ಒಳಗೆ, ಕುಳಿತು ಓಡಿಸುವ ಹುಲ್ಲು ಕತ್ತರಿಸುವ ಗಾಡಿಯೊಂದರ ಹಿಂದಿನ ಚಕ್ರಗಳು ನೆಲ ಬಿಟ್ಟು ಜಾಕ್ ಮೇಲೆ ನಿಂತಿವೆ. ಗಾಡಿಯ ಕೆಳಗಿನಿಂದ ಎರಡು ಕಾಲು, ಒಂದಿಷ್ಟು ಟಾರ್ಚಿನ ಬೆಳಕು, ಆಗಾಗ ಒಂದೊಂದು ಬೈಗುಳ ಹೊರಬರುತ್ತಿವೆ. ಬೈಗುಳ ಗಾಡಿಗೆ. ಕಾಲುಗಳು ಗ್ರೀಸ್ ಮಾವನವು. ಪಕ್ಕದಲ್ಲಿ ಹೆಲ್ಮೆಟ್ ಹಿಡಿದು ನಿಂತವರು ಅವರ ಸೊಸೆ. ಮೊದಲ ವಿಮಾನ ಬರಲು ಒಂದು ಗಂಟೆಯೂ ಉಳಿದಿಲ್ಲ.

“ಇವತ್ತೂ ರಿವರ್ಸ್ ಸರಿಹೋಗದಿದ್ರೆ ನೀನು ಒಳಗೆ ಹೋಗೋದು ಬೇಡ ಕಣಮ್ಮ,” ಎನ್ನುತ್ತದೆ ಕೆಳಗಿನ ದನಿ.

“ಹೋಗದೆ ಏನ್ ಮಾಡ್ಲಿ ಮಾವ? ಹುಲ್ಲೇನು ನಮ್ಮನ್ನ ಕೇಳ್ಕೊಂಡು ಬೆಳೆಯುತ್ತಾ?” ಎನ್ನುತ್ತಾರೆ ಸೊಸೆ.

ಇದು ವಿಮಾನ ಹಾರಿಸಲು ಕಲಿಸುವ ಸಣ್ಣ ಮೈದಾನ. ಹುಲ್ಲು ಮೊಣಕಾಲೆತ್ತರ ಬೆಳೆದರೆ ಹಕ್ಕಿಗಳು ಗೂಡು ಕಟ್ಟುತ್ತವೆ, ಹಕ್ಕಿ ಎದ್ದು ರೆಕ್ಕೆಗೋ ಗಾಜಿಗೋ ಬಡಿದರೆ ಹೊಸಬರ ಕೈಯಲ್ಲಿರುವ ವಿಮಾನದ ಗತಿ ಹೇಳುವುದೇ ಬೇಡ. ಹಾಗಾಗಿ ವಾರವಿಡೀ ಕತ್ತರಿಸಬೇಕು. ಓಡುದಾರಿಯ ಪಕ್ಕದಲ್ಲಿ ಉದ್ದುದ್ದ ಹುಲ್ಲಿನ ಪಟ್ಟಿಗಳಿವೆ, ಒಟ್ಟು ನಲವತ್ತೆರಡು. ಪ್ರತಿಯೊಂದೂ ಮೂವತ್ತು ಮೀಟರ್, ಎರಡೂ ಬದಿಗೆ ಸಿಮೆಂಟ್ ಚರಂಡಿ. ಇಲ್ಲಿಯವರ ಬಾಯಲ್ಲಿ ಅವು ‘ನಾಲಿಗೆ’ಗಳು. ನಾಲಿಗೆಯ ಮೇಲೆ ಗಾಡಿ ತಿರುಗಿಸಲು ಜಾಗವಿಲ್ಲ. ಹೊರಗಿನ ದಾರಿಯಿಂದ ಓಡುದಾರಿಯ ಅಂಚಿನವರೆಗೆ ಕತ್ತರಿಸುತ್ತಾ ಹೋಗಬೇಕು, ಬಂದ ದಾರಿಯಲ್ಲೇ ಹಿಂದಕ್ಕೆ ಬರಬೇಕು. ದಿನಕ್ಕೆ ಹದಿನಾಲ್ಕು ನಾಲಿಗೆ. ಅಂದರೆ ಸೊಸೆಯ ದುಡಿಮೆಯಲ್ಲಿ ಅರ್ಧ ಹಿಮ್ಮುಖದ್ದೇ.

ಕಾವಲುಗಾರ ಅಟ್ಟಣಿಗೆಯ ಮೇಲೆ ದುರ್ಬೀನು ಹಿಡಿದು ಕೂತಿರುತ್ತಾರೆ. ನೀರಿನ ಟ್ಯಾಂಕಿನ ಮೇಲೆ ವಿಮಾನ ಕಂಡೊಡನೆ ಗಂಟೆ ಬಾರಿಸುತ್ತಾರೆ. ಗಂಟೆ ಬಾರಿಸಿದ ಐವತ್ತು ಸೆಕೆಂಡಿಗೆ ಚಕ್ರ ನೆಲ ಮುಟ್ಟುತ್ತದೆ. ಅಷ್ಟರೊಳಗೆ ಗಾಡಿ ಹೊರಗಿನ ದಾರಿಯಲ್ಲಿರಬೇಕು. ಈಚೆಗೆ ಗಾಡಿಯ ರಿವರ್ಸ್ ಎಷ್ಟು ಸೋಮಾರಿಯಾಗಿದೆಯೆಂದರೆ, ಮೂವತ್ತು ಮೀಟರ್ ಹಿಂದೆ ಬರಲು ಎಂಬತ್ತು ಸೆಕೆಂಡು ಹಿಡಿಯುತ್ತಿದೆ. ಹೋದ ವಾರ ಕಲಿಯುವವನೊಬ್ಬ ಓಡುದಾರಿ ಬಿಟ್ಟು ಹುಲ್ಲಿಗೆ ನುಗ್ಗಿದ. ಸೊಸೆ ಇನ್ನೂ ನಾಲಿಗೆಯ ಮೇಲೇ ಇದ್ದರು. ವಿಮಾನದ ಮುಂದೆ ತಿರುಗುವ ಫ್ಯಾನು ನಿಂತದ್ದು ಗಾಡಿಯ ಮೂತಿಯಿಂದ ಎರಡು ಮಾರು ದೂರದಲ್ಲಿ.

“ಅವತ್ತು ನನ್ನ ಕೈಕಾಲೇ ತಣ್ಣಗಾಗಿಬಿಡ್ತು,” ಎನ್ನುತ್ತಾರೆ ಗ್ರೀಸ್ ಮಾವ. “ಮನೆಗೆ ಹೋದ್ರೆ ನಮ್ಮವಳು ಬಾಗಿಲಲ್ಲೇ ನಿಲ್ಲಿಸಿದಳು. ‘ಸೊಸೆಗೆ ಏನಾದ್ರೂ ಆದ್ರೆ ನೀವು ಆ ಶೆಡ್ಡಲ್ಲೇ ಇದ್ದುಬಿಡಿ’ ಅಂದಳು. ತಮಾಷೆಗಲ್ಲ.”

ಅವರಿಗೀಗ ಅರವತ್ತರ ಹತ್ತಿರ. ಸೈಕಲ್ ಅಂಗಡಿಯಲ್ಲಿ ಪಂಕ್ಚರ್ ಹಾಕುತ್ತ ಕಲಿತ ಕಸುಬು. ಆಮೇಲೆ ಪಂಪ್‌ಸೆಟ್ಟು, ಜನರೇಟರು, ಕೊನೆಗೆ ಈ ಮೈದಾನ. ಇಲ್ಲಿನ ಮೂರು ಗಾಡಿಗಳು, ನಾಲ್ಕು ಪಂಪು, ಬೆಂಕಿ ಆರಿಸುವ ಟ್ಯಾಂಕರು ಎಲ್ಲಕ್ಕೂ ಅವರೊಬ್ಬರೇ. ಮೊದಲು ಬರೀ ‘ಗ್ರೀಸ್’ ಎನ್ನುತ್ತಿದ್ದರು. ಸೊಸೆ ಕೆಲಸಕ್ಕೆ ಸೇರಿದ ಮೇಲೆ ವಿಮಾನ ಕಲಿಸುವ ಗುರುಗಳಿಗೂ ಅವರು ಮಾವ ಆಗಿಹೋದರು. ಎಡಗೈ ಕಿರುಬೆರಳಿನ ತುದಿ ಇಲ್ಲ. ಹಿಂದೊಮ್ಮೆ ಚಾಲಕನ ಒತ್ತಾಯಕ್ಕೆ ಮಣಿದು ರಿವರ್ಸ್ ವೇಗಕ್ಕೆ ಮಿತಿ ಹಾಕುವ ಬೋಲ್ಟನ್ನೇ ಕಿತ್ತಿದ್ದರು. ಗಾಡಿ ಹಿಂದಕ್ಕೆ ನೆಗೆದು ಅವರ ಕೈಯನ್ನು ಗೋಡೆಗೆ ಒತ್ತಿಬಿಟ್ಟಿತು. “ವೇಗ ಕಮ್ಮಿ ಆದ್ರೂ ಕಷ್ಟ, ಜಾಸ್ತಿ ಆದ್ರೂ ಕಷ್ಟ,” ಎಂದು ಆ ಮೊಂಡು ಬೆರಳನ್ನೇ ತೋರಿಸುತ್ತಾರೆ.

ಈ ಸಲದ ತೊಂದರೆ ಮಾತ್ರ ಅವರ ತಲೆ ಚಿಟ್ಟು ಹಿಡಿಸಿದೆ. ನಾಲ್ಕು ದಿನದಲ್ಲಿ ಬೆಲ್ಟ್ ಬದಲಾಯಿಸಿದ್ದಾರೆ, ಎಣ್ಣೆ ಬದಲಾಯಿಸಿದ್ದಾರೆ, ಪೆಡಲಿನ ಸರಳು ಬಿಗಿ ಮಾಡಿದ್ದಾರೆ, ಮಿತಿಯ ಬೋಲ್ಟನ್ನು ಸುತ್ತು ಸುತ್ತಾಗಿ ಸಡಿಲಿಸಿದ್ದಾರೆ. ಜಾಕ್ ಮೇಲಿಟ್ಟು ತಾವೇ ಕೈಯಿಂದ ಪೆಡಲ್ ಒತ್ತಿದರೆ ಚಕ್ರ ಭರ್ರನೆ ಹಿಂದಕ್ಕೆ ತಿರುಗುತ್ತದೆ. ಸೊಸೆ ಸೀಟಿನಲ್ಲಿ ಕೂತು ಅದೇ ರಿವರ್ಸ್ ಪೆಡಲನ್ನು ಹಿಮ್ಮಡಿಯಿಂದ ಒತ್ತಿದರೆ ಮತ್ತೆ ಅದೇ ಆಮೆನಡೆ. ನಿನ್ನೆ ಸಂಜೆ ತಾಳ್ಮೆಗೆಟ್ಟು ಅಂದುಬಿಟ್ಟಿದ್ದಾರೆ: “ನೀನು ಹೆದರ್ಕೊಂಡು ಪೂರ್ತಿ ಒತ್ತುತ್ತಿಲ್ಲ.” ಸೊಸೆಯ ಮುಖ ಸಣ್ಣಗಾಯಿತು. “ಪೂರ್ತಿ ಒತ್ತಿದೀನಿ ಮಾವ,” ಎಂದಷ್ಟೇ ಹೇಳಿ ಹೊರಟುಹೋಗಿದ್ದರು.

ಆರು ಗಂಟೆಗೆ ಗ್ರೀಸ್ ಮಾವ ಕೆಳಗಿನಿಂದ ಹೊರಬಂದು ಎಲ್ಲವನ್ನೂ ಮತ್ತೆ ಜೋಡಿಸಿ, ಸೊಸೆಯನ್ನು ಸೀಟಿನ ಮೇಲೆ ಕೂರಿಸುತ್ತಾರೆ. ಈ ಸಲ ಚಕ್ರ ನೋಡುವುದಿಲ್ಲ. ಕಾಲಿಡುವ ಹಲಗೆಗೆ ಕೆನ್ನೆ ತಾಗುವಷ್ಟು ಬಗ್ಗಿ, “ಈಗ ಒತ್ತು,” ಎನ್ನುತ್ತಾರೆ.

ಆಕೆ ಒತ್ತುತ್ತಾರೆ. ಪೆಡಲ್ ಅರ್ಧ ಇಳಿದು, ದಪ್ಪನೆಯ ರಬ್ಬರ್ ಮ್ಯಾಟಿಗೆ ತಾಗಿ ನಿಂತುಬಿಡುತ್ತದೆ.

ಆ ಮ್ಯಾಟನ್ನು ಎರಡು ವಾರದ ಹಿಂದೆ ಹಾಕಿದವರು ಗ್ರೀಸ್ ಮಾವನೇ. ಗಾಡಿಯ ನಡುಕಕ್ಕೆ ಸೊಸೆಯ ಹಿಮ್ಮಡಿ ನೋಯುತ್ತಿದೆಯೆಂದು ಹಳೆಯ ಕನ್ವೇಯರ್ ಬೆಲ್ಟ್ ಹುಡುಕಿ ತಂದು, ಅಳತೆಗೆ ಕತ್ತರಿಸಿ, ಅಂಚು ಉಜ್ಜಿ ನುಣುಪು ಮಾಡಿ ಹಾಸಿದ್ದರು. ರಿಪೇರಿಗೆ ಕೂತಾಗಲೆಲ್ಲ ಮೊದಲು ಅದನ್ನೇ ಎತ್ತಿ ಪಕ್ಕಕ್ಕಿಡುತ್ತಿದ್ದರು. ಅದಕ್ಕೇ ಅವರ ಕೈಗೆ ರೋಗ ಸಿಗಲೇ ಇಲ್ಲ.

“ತಪ್ಪನ್ನ ನಿನ್ನ ಮೇಲೆ ಹಾಕಿದೆನಲ್ಲಮ್ಮ,” ಎನ್ನುತ್ತಾರೆ. “ನಾನೇ ನಿನ್ನ ಕಾಲು ಕಟ್ಟಿ ವಿಮಾನದ ಮುಂದೆ ಕೂರಿಸಿದ್ದೆ.”

“ಬಿಡಿ ಮಾವ. ಹಿಮ್ಮಡಿ ನೋಯ್ಲಿ ಅಂತ ಬಿಟ್ಟಿದ್ರೆ ಸರಿಯಿತ್ತೇನು?” ಸೊಸೆ ಮ್ಯಾಟನ್ನು ಎಳೆದು ಹೊರಗೆಸೆಯುತ್ತಾರೆ. “ಟೈಮಾಗ್ತಿದೆ, ಮೊದಲು ಗಾಡಿ ಇಳಿಸಿ.”

ಆದರೆ ಜಾಕ್ ತೆಗೆದ ಮೇಲೆ ಅವರು ಸೊಸೆಯನ್ನು ಸೀಟಿನಿಂದ ಇಳಿಸಿ ತಾವೇ ಹತ್ತುತ್ತಾರೆ. ನಾಲ್ಕು ದಿನ ಸಡಿಲಿಸಿದ ಬೋಲ್ಟ್ ಇನ್ನೂ ಹಾಗೇ ಇದೆ, ಪೆಡಲನ್ನು ತಡೆಯುತ್ತಿದ್ದ ಮ್ಯಾಟ್ ಈಗಿಲ್ಲ. ಅಂಗಳದಲ್ಲಿ ಹಿಮ್ಮಡಿ ಒತ್ತಿದ್ದೇ ತಡ, ಗಾಡಿ ಹಿಂದಕ್ಕೆ ಚಿಮ್ಮುತ್ತದೆ. ಕಾಲೆತ್ತಿದ ಕೂಡಲೇ ಗಕ್ಕನೆ ನಿಂತು, ಮುಂದಿನ ಚಕ್ರಗಳು ಗೇಣುದ್ದ ಮೇಲೇಳುತ್ತವೆ. ಗ್ರೀಸ್ ಮಾವ ಬೆವರು ಒರೆಸಿಕೊಂಡು ಇಳಿದು, ಬೋಲ್ಟನ್ನು ಒಂದು ಸುತ್ತು ಒಳಗೆ ಕೊಡುತ್ತಾರೆ. ಮತ್ತೆ ಓಡಿಸುತ್ತಾರೆ. ಇನ್ನೊಂದು ಸುತ್ತು. ಮತ್ತೆ. ಇನ್ನರ್ಧ. ಕಾಲೆತ್ತಿದರೆ ಗಾಡಿ ತೆವಳದೆ ನಿಲ್ಲುತ್ತದೆಯೇ ಎಂದು ಸೀಮೆಸುಣ್ಣದ ಗೆರೆ ಎಳೆದು ಮೂರು ಸಲ ನೋಡುತ್ತಾರೆ. ಹಿಂದೆ ಬರುವಾಗ ಬ್ಲೇಡನ್ನು ತಾನಾಗಿ ನಿಲ್ಲಿಸುವ ಸ್ವಿಚ್ಚನ್ನೂ ಪರೀಕ್ಷಿಸುತ್ತಾರೆ. ಬ್ಲೇಡ್ ತಿರುಗುತ್ತಿದ್ದರೆ ಕೆಲಸ ಬೇಗ ಮುಗಿಯುತ್ತದೆಂದು ಆ ಸ್ವಿಚ್ಚಿನ ವೈರು ಕೀಳುವವರಿದ್ದಾರೆ. “ಅಂಥವರು ನನ್ನ ಶೆಡ್ಡಿಗೆ ಕಾಲಿಡೋದೇ ಬೇಡ,” ಎನ್ನುವಾಗ ಅವರ ಮುಖ ಗಂಟಾಗುತ್ತದೆ.

ಆರೂ ಇಪ್ಪತ್ತಕ್ಕೆ ಸೊಸೆ ಮೊದಲ ನಾಲಿಗೆಗೆ ಇಳಿಯುತ್ತಾರೆ. ಗ್ರೀಸ್ ಮಾವ ಹೊರಗಿನ ದಾರಿಯಲ್ಲಿ ಕೈಗಡಿಯಾರ ಹಿಡಿದು ನಿಂತಿದ್ದಾರೆ. ಎರಡನೆಯದು ಮುಗಿಯುತ್ತದೆ. ಮೂರನೆಯದರಲ್ಲಿ ಗಾಡಿಯ ಮೂತಿ ಓಡುದಾರಿಯ ಅಂಚು ಮುಟ್ಟುವ ಹೊತ್ತಿಗೆ ಸರಿಯಾಗಿ ಗಂಟೆ ಮೊಳಗುತ್ತದೆ.

ಸೊಸೆ ಹಿಂದಕ್ಕೆ ಕತ್ತು ತಿರುಗಿಸಿ ಹಿಮ್ಮಡಿ ಒತ್ತುತ್ತಾರೆ. ಬ್ಲೇಡಿನ ಸದ್ದು ನಿಲ್ಲುತ್ತದೆ. ಗಾಡಿ ಹಿಂದಕ್ಕೆ ಬರತೊಡಗುತ್ತದೆ. “ಎಂಟು, ಒಂಬತ್ತು…” ಗ್ರೀಸ್ ಮಾವನ ತುಟಿ ಮಾತ್ರ ಅಲುಗುತ್ತಿದೆ. ಟ್ಯಾಂಕಿನ ಮೇಲಿನ ಚುಕ್ಕೆಗೆ ರೆಕ್ಕೆಗಳು ಮೂಡುತ್ತವೆ. ಹದಿನೈದರ ಹೊತ್ತಿಗೆ ಒಂದು ಚಕ್ರ ಚರಂಡಿಯ ಅಂಚಿನ ಕಡೆ ಜಾರುತ್ತದೆ. ಗ್ರೀಸ್ ಮಾವನಿಗೆ ಕೂಗಬೇಕೆನಿಸುತ್ತದೆ, ಆದರೆ ಕೂಗಿದರೆ ಆಕೆ ಬೆದರಿಯಾರು ಎಂದು ಹಲ್ಲು ಕಚ್ಚಿ ಸುಮ್ಮನಿರುತ್ತಾರೆ. ಸೊಸೆ ಕಾಲನ್ನು ಕೊಂಚ ಸಡಿಲಿಸಿ, ನೇರ ಮಾಡಿಕೊಂಡು, ಮತ್ತೆ ಒತ್ತುತ್ತಾರೆ. ಹಿಂದಿನ ಚಕ್ರಗಳು ದಾರಿಯ ಜಲ್ಲಿ ಮುಟ್ಟಿದಾಗ ಇಪ್ಪತ್ತೆಂಟು. ಪೂರ್ತಿ ಗಾಡಿ ಹೊರಬಂದಾಗ ಮೂವತ್ತು.

ಇನ್ನೂ ಇಪ್ಪತ್ತು ಸೆಕೆಂಡು ಇಬ್ಬರೂ ಆಕಾಶ ನೋಡುತ್ತಾ ನಿಲ್ಲುತ್ತಾರೆ. ವಿಮಾನ ಇಳಿಯುತ್ತದೆ, ಒಂದೆರಡು ಸಲ ಪುಟಿಯುತ್ತದೆ, ಅತ್ತಿತ್ತ ಓಲಾಡಿಕೊಂಡು ಮುಂದಕ್ಕೆ ಹೋಗುತ್ತದೆ. ಒಳಗೆ ಹಾರಾಟ ಕಲಿಯುತ್ತಿರುವ ಹುಡುಗಿ ಈ ಕಡೆ ತಿರುಗಿಯೂ ನೋಡುವುದಿಲ್ಲ.

ಗ್ರೀಸ್ ಮಾವ ಅಲ್ಲೇ ದಾರಿಯಂಚಿನ ಕಲ್ಲಿನ ಮೇಲೆ ಕುಸಿದು ಕೂರುತ್ತಾರೆ. ಮೂವತ್ತೊಂದು ವರ್ಷದ ದುಡಿಮೆಗೆ ಯಾರಾದರೂ ಒಂದು ಒಳ್ಳೆಯ ಮಾತು ಹೇಳಿದ್ದುಂಟೇ ಎಂದು ಕೇಳಿದರೆ, ಹೋಗುತ್ತಿರುವ ವಿಮಾನದತ್ತ ಗಲ್ಲ ಎತ್ತುತ್ತಾರೆ.

“ಆ ಹುಡುಗಿ ಕಣ್ಣಿಗೆ ಇವತ್ತು ನನ್ನ ಸೊಸೆ ಬೀಳಲೇ ಇಲ್ಲ, ನೋಡಿದ್ರಾ? ನಂಗೆ ಅಷ್ಟು ಸಾಕು.”