ನಡುಗಡ್ಡೆಯ ಕುದುರೆಯೂ ನನ್ನ ವಾರಗಿತ್ತಿಯೂ

ನನ್ನ ವಾರಗಿತ್ತಿಯನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಅವಳ ಬಂಗಾರಕ್ಕಲ್ಲ, ಬಣ್ಣಕ್ಕಲ್ಲ, ಒಂದು ಕುದುರೆಗಾಗಿ. ಕೇಳಿದವರು ನಗುತ್ತಾರೆ. ನಗಲಿ, ನನಗೇನು!

ನಮ್ಮಪ್ಪ ಹೊಸಪೇಟೆಯ ಸ್ಟೇಷನ್ನಿನ ಮುಂದೆ ಟಾಂಗಾ ಹೊಡೆಯುತ್ತಿದ್ದ. ಹಣೆಯಲ್ಲಿ ಬಿಳಿ ಚುಕ್ಕೆ ಇದ್ದ ಅವನ ಕಂದು ಹೆಣ್ಣು ಕುದುರೆಗೆ, ಅದು ಮರಿಯಿದ್ದಾಗಿನಿಂದ ಹುರುಳಿ ಬೇಯಿಸಿ ಹಾಕಿದವಳು ನಾನು. ನನ್ನನ್ನು ಕಂಪ್ಲಿ ಕಡೆಯ ಹೊಳೆದಂಡೆಯ ಊರಿಗೆ ಕೊಟ್ಟ ಮೇಲೆ ಅಪ್ಪನಿಗೆ ಮೊಣಕಾಲು ನೋವು ಹೆಚ್ಚಾಗಿ ಟಾಂಗಾ ನಿಂತಿತು. ಕುದುರೆಯನ್ನು ಮಾರಲು ಮನಸ್ಸಾಗದೆ ನನ್ನ ಗಂಡನ ಊರಿನ ಎದುರಿನ ನಡುಗಡ್ಡೆಗೆ ತಂದು ಬಿಟ್ಟ. ಹಿಂದೆ ಹೀಗೇ ಬಿಟ್ಟ ಟಾಂಗಾ ಕುದುರೆಗಳ ಸಂತಾನ ಅಲ್ಲಿದೆ. ಹುಲ್ಲು ಮೇಯ್ದು, ಹೊಳೆ ನೀರು ಕುಡಿದು, ಮನುಷ್ಯರನ್ನು ಕಂಡರೆ ಓಟ ಕೀಳುವ ಏಳೆಂಟು ಕಾಡು ಕುದುರೆಗಳು.

ಬಿಡುವುದಕ್ಕೂ ಟಾಂಗಾದವರಲ್ಲಿ ಒಂದು ಪದ್ಧತಿ ಇತ್ತು. ಲಗಾಮು ಬಿಚ್ಚಿ, ಹಣೆಗೆ ಒಂದು ಬೊಗಸೆ ಹೊಳೆ ನೀರು ಹಾಕಿ, "ಹೋಗವ್ವಾ, ಇನ್ನ ನೀ ಹೊಳಿಯಾಕಿ" ಎನ್ನಬೇಕು. ಆಮೇಲೆ ಸಾಕಿದವರು ಅದನ್ನು ಕರೆಯಬಾರದು. ಕರೆದರೆ ಪಾಪ, ಅದರ ಮನಸ್ಸು ಅಲ್ಲೂ ನಿಲ್ಲುವುದಿಲ್ಲ, ಇಲ್ಲೂ ನಿಲ್ಲುವುದಿಲ್ಲ.

ಐದು ವರ್ಷ ನಾನು ಈ ಮಾತು ನಡೆಸಿದೆ. ಬೇಸಿಗೆಯಲ್ಲಿ ಹೊಳೆ ಸಣ್ಣಗಾದಾಗ ದಾಟಿ ಹೋಗುವುದು, ಬಂಡೆಯ ಮೇಲೆ ಹುರುಳಿ ಸುರಿಯುವುದು, ತುಟಿ ಬಿಗಿಹಿಡಿದು ವಾಪಸು ಬರುವುದು. ಅದು ದೂರದಲ್ಲಿ ನಿಂತು ನೋಡುತ್ತಿತ್ತು.

ಅಷ್ಟರಲ್ಲಿ ಬಂಡ್ರಿಯಿಂದ ನನ್ನ ಮೈದುನನ ಹೆಂಡತಿಯಾಗಿ ಇವಳು ಬಂದಳು. ಎಮ್ಮೆಗೆ ಹುಲ್ಲು ಕೊಯ್ಯಲು ನಡುಗಡ್ಡೆಗೆ ಹೋಗತೊಡಗಿದಳು. ಒಂದು ದಿನ ನಾನೂ ಹಿಂದೆಯೇ ಹೋದೆ. ನೋಡುತ್ತೇನೆ, ಇವಳು ಕಬ್ಬಿನ ಸೋಗೆ ಹಿಡಿದು, "ಬಾರವ್ವಾ, ನಮ್ಮವ್ವಾ, ಬಾ ಬಾ" ಅನ್ನುತ್ತಿದ್ದಾಳೆ. ನನ್ನ ಕುದುರೆ ಅವಳ ಹೆಗಲ ಮೇಲೆ ಗದ್ದ ಊರಿ ನಿಂತಿದೆ! ಮೈಯೆಲ್ಲ ಉರಿದುಹೋಯಿತು.

"ಅದನ್ನ ಕರೀಬಾರದು. ಬಿಟ್ಟ ಕುದುರಿ ಅದು" ಎಂದು ಗದರಿದೆ.

"ಆ ಮಾತು ಸಾಕಿದವ್ರಿಗಲ್ಲೇನಕ್ಕಾ? ನಾ ಎಲ್ಲಿ ಸಾಕೀನಿ?" ಎಂದಳು, ಮುಗ್ಧವಾಗಿ.

ಸರಿಯಾದ ಮಾತೇ. ಅದಕ್ಕೇ ಇನ್ನೂ ಸಿಟ್ಟು ಬಂತು. ಮನೆಗೆ ಬಂದು ಗಂಡನಿಗೆ ಹೇಳಿದರೆ ಅವನು, "ಊರಿಗೆ ಬಂದಾಕಿ ನೀರಿಗೆ ಬರ್ದೆ ಇರ್ತಾಳೇನು?" ಎಂದು ನಕ್ಕ. ಆವತ್ತು ಅವನಿಗೆ ಬಡಿಸಿದ ಸಾರಿಗೆ ಉಪ್ಪು ಹಾಕಲಿಲ್ಲ.

ಹೋದ ಮಳೆಗಾಲದಲ್ಲಿ ಒಂದು ಬೆಳಿಗ್ಗೆ ಜೀಪಿನಲ್ಲಿ ಮೈಕು ಕಟ್ಟಿಕೊಂಡು ಬಂದು ಸಾರಿದರು: ಡ್ಯಾಮಿನಿಂದ ಭಾಳ ನೀರು ಬಿಡುತ್ತಾರೆ, ಹೊಳೆಗೆ ಯಾರೂ ಇಳಿಯಬೇಡಿ. ಅಷ್ಟು ನೀರು ಬಂದರೆ ನಡುಗಡ್ಡೆ ಮುಳುಗುತ್ತದೆ. ನನ್ನ ಕುದುರೆ ಈಗ ಆ ಹಿಂಡಿಗೆ ಹಿರಿಯಳು. ಅದು ಈಚೆ ದಡಕ್ಕೆ ಬಂದರೆ ಉಳಿದವೂ ಬರುತ್ತವೆ, ಇಲ್ಲದಿದ್ದರೆ ಒಂದೂ ಬರುವುದಿಲ್ಲ. ವಾರಗಿತ್ತಿ ತವರಿಗೆ ಹೋಗಿದ್ದಳು.

"ಅಕಿಗೆ ಫೋನ್ ಹಚ್ಚಿ ಕರೆಸ" ಎಂದರು ಅತ್ತೆ.

"ಅಕಿ ಯಾಕ ಬೇಕು? ನನ್ನ ಕುದುರಿ, ನಾ ಕರೀತೀನಿ" ಎಂದೆ.

ಹರಿಗೋಲಿನವನನ್ನು ಕಾಡಿ ಬೇಡಿ ಹೋದೆ. ಪದ್ಧತಿ ಮುರಿದು ಕೂಗಿದೆ. ಐದು ವರ್ಷದ ಮೇಲೆ ಮೊದಲ ಸಲ! ಕುದುರೆ ಕಿವಿ ನಿಮಿರಿಸಿತು, ನೋಡಿತು, ಬೆನ್ನು ತಿರುಗಿಸಿ ಪೊದೆಯತ್ತ ನಡೆಯಿತು. ಮತ್ತೆ ಕೂಗಿದೆ. ಬಂಡೆಗಳು ಒಂದೊಂದಾಗಿ ನೀರಿನೊಳಗೆ ಹೋಗುತ್ತಿದ್ದವು.

"ಅಕ್ಕಾರ, ಇನ್ನ ನಿಲ್ಲಾಕ ಆಗಂಗಿಲ್ಲ. ಏನರ ಜಲ್ದಿ ಮಾಡ್ರಿ" ಎಂದ ಹರಿಗೋಲಿನವನು.

ವಾರಗಿತ್ತಿಗೆ ಫೋನ್ ಹಚ್ಚಿದೆ. ಹೇಳುವಷ್ಟರಲ್ಲಿ ಅಳು ಬಂತು. ಅವಳು ಒಂದು ಮಾತೂ ಕೇಳಲಿಲ್ಲ. "ಸ್ಪೀಕರ್ ಹಚ್ಚಕ್ಕಾ. ಕೈ ಮ್ಯಾಲ ಹಿಡಿ" ಎಂದಳು.

"ಬಾರವ್ವಾ, ನಮ್ಮವ್ವಾ, ಬಾ ಬಾ."

ಪೊದೆಯೊಳಗಿನಿಂದ ಕುದುರೆ ಕೆನೆಯಿತು. ಓಡಿಬಂದು ನನ್ನ ಕೈಯ ಮೊಬೈಲನ್ನು ಮೂಸಿತು. ನಾನು ಹರಿಗೋಲಿನಲ್ಲಿ ಕೂತು ಮೊಬೈಲು ಎತ್ತಿ ಹಿಡಿದೆ. ಅವಳು ಬಂಡ್ರಿಯಿಂದ ಕರೆಯುತ್ತಲೇ ಇದ್ದಳು. ಕುದುರೆ ಎದೆಮಟ್ಟದ ನೀರಿಗಿಳಿದು ಆ ದನಿಯ ಹಿಂದೆ ಬಂತು, ಅದರ ಹಿಂದೆ ಹಿಂಡೆಲ್ಲ. ದಡ ಮುಟ್ಟಿದೊಡನೆ ಫೋನ್ ಕಟ್ ಮಾಡಿದೆ.

ದಡದ ಮೇಲೆ ಅರ್ಧ ಊರು ನಿಂತಿತ್ತು. "ಹೆಂಗ ಬಂದುವು?" ಎಂದು ಯಾರೋ ಕೇಳಿದರು.

"ನಾ ಕರದೆ, ಬಂದುವು" ಎಂದುಬಿಟ್ಟೆ. ಹರಿಗೋಲಿನವನು ನನ್ನನ್ನೊಮ್ಮೆ ನೋಡಿ, ಹಗ್ಗ ಕಟ್ಟಲು ಕೂತ.

ಎರಡು ದಿನದ ಮೇಲೆ ವಾರಗಿತ್ತಿ ಬಸ್ಸಿಳಿದು ಬಂದಳು. ಹೊಸ್ತಿಲು ದಾಟುವ ಮೊದಲೇ ಅತ್ತೆ, "ನಿಮ್ಮಕ್ಕ ಕರದ ಕೂಡ್ಲೆ ಕುದುರಿ ಬಂತಂತ ನೋಡವ್ವಾ" ಎಂದರು. ನಾನು ತಲೆ ಬಗ್ಗಿಸಿ ಮೊರದಲ್ಲಿದ್ದ ಅಕ್ಕಿ ಕೇರತೊಡಗಿದೆ.

ಅವಳು ಚೀಲ ಕೆಳಗಿಟ್ಟು ನನ್ನ ಕಡೆ ನೋಡಿದಳು.

"ಹೌದತ್ತಿ. ಸಾಕಿದಾಕಿ ದನಿ ಮರೀತಾವೇನು?" ಎಂದು ನೀರು ಕುಡಿಯಲು ಒಳಗೆ ಹೋದಳು.

ಹಂಗಿಸಿದ್ದರೆ ಜಗಳಾಡಿ ಹಗುರಾಗುತ್ತಿದ್ದೆ. ಆ ಕುದುರೆ ಯಾಕೆ ಅವಳ ಬಳಿ ಹೋಗುತ್ತದೆಂದು ನನಗೆ ಆವತ್ತು ತಿಳಿಯಿತು. ತಿಳಿದ ಮೇಲೆ ಹೊಟ್ಟೆಕಿಚ್ಚು ಇನ್ನೂ ಹೆಚ್ಚಾಯಿತು.