ಸಾಂಬ್ರಾದಿಂದ ಜೋರ್ಹಾಟ್‌ಗೆ, ಖಾಸಬಾಗ ಮಾರ್ಗವಾಗಿ

"ಎಷ್ಟ ತಾಸಿನ ಹಾದಿ ಐತೋ ತಮ್ಮಾ?"

ಖಾನಾಪುರದಿಂದ ಸುಶೀಲತ್ತೆಯ ಫೋನು. ನನ್ನ ತಂದೆಯ ತಂಗಿ. ಅವಳ ಅಳಿಯ ಸೈನ್ಯದಲ್ಲಿದ್ದಾನೆ, ಪೋಸ್ಟಿಂಗ್ ಅಸ್ಸಾಮಿನ ಜೋರ್ಹಾಟ್. ಮಗಳು ಸವಿತಾಗೆ ಅಲ್ಲಿ ದಿನ ತುಂಬಿವೆ. ಹೆರಿಗೆಯ ಹೊತ್ತಿಗೆ ಅವ್ವ ಪಕ್ಕದಲ್ಲಿರಬೇಕು ಎಂದು ಹಟ ಹಿಡಿದಿದ್ದಾಳೆ. ಅತ್ತೆಗೋ ಇದು ಮೊದಲ ವಿಮಾನ.

ಎರಡು ಏರ್‌ಪೋರ್ಟ್‌ಗಳ ಹೆಸರು ಹಾಕಿದರೆ ದೂರ, ಹಾರಾಟದ ಸಮಯ ಹೇಳುವ ವೆಬ್‌ಸೈಟ್‌ಗಳಿವೆಯಲ್ಲ? ಹಾಕಿ ನೋಡಿದೆ. ನಮ್ಮ ಬೆಳಗಾವಿಯ ಸಾಂಬ್ರಾ ಏರ್‌ಪೋರ್ಟ್‌ನಿಂದ ಜೋರ್ಹಾಟ್‌ಗೆ ಮೂರು ತಾಸು ಚಿಲ್ಲರೆ! (ಹಾಗೆ ನೇರ ಹಾರುವ ವಿಮಾನವೇ ಇಲ್ಲ ಎಂಬುದನ್ನು ಮಾತ್ರ ಅದು ಹೇಳುವುದಿಲ್ಲ.) ಟಿಕೆಟ್ ತೆಗೆಯಲು ಹೋದರೆ ಎರಡು ಕಡೆ ಇಳಿದು ಹತ್ತಬೇಕು, ನಡುವೆ ಒಂದು ರಾತ್ರಿ ಏರ್‌ಪೋರ್ಟ್‌ನಲ್ಲೇ ವಸತಿ.

ಅದೂ ಸಿಕ್ಕಿದ್ದು ಮಂಗಳವಾರಕ್ಕೆ.

"ಮಂಗಳವಾರ ಯಾರರೆ ಮನಿ ಬಿಡ್ತಾರೇನೋ?" ಅತ್ತೆಯ ತಕರಾರು. ಅದಕ್ಕೂ ನಮ್ಮಲ್ಲಿ ಉಪಾಯವಿದೆ, ಪ್ರಸ್ಥಾನ. ಒಳ್ಳೆಯ ದಿನ ನೋಡಿ ಒಂದು ಚೀಲವನ್ನು ಮೊದಲೇ ಬೇರೆಯವರ ಮನೆಯಲ್ಲಿಟ್ಟು ಬಂದರಾಯಿತು, ಪ್ರಯಾಣ ಅಂದೇ ಶುರುವಾದ ಲೆಕ್ಕ. ಅತ್ತೆ ಸೋಮವಾರ ಬೆಳಗಾವಿಗೆ ಬಂದು, ಖಾಸಬಾಗದಲ್ಲಿರುವ ಬಾಲ್ಯದ ಗೆಳತಿ ಮುಮತಾಜ್ ಚಾಚಿಯ ಮನೆಯಲ್ಲಿ ಚೀಲವಿಟ್ಟು ಹೋದಳು. ಪಂಚಾಂಗಕ್ಕೂ ಸಮಾಧಾನ, ವಿಮಾನಕ್ಕೂ ಸಮಾಧಾನ.

ಮರುದಿನ ನಾನು ಬೆಳಗಾವಿಯ ಹಿಂದವಾಡಿಯಲ್ಲಿರುವ ನಮ್ಮ ಮನೆಯಿಂದ ಕಾರು ಒಯ್ದು ಖಾನಾಪುರದಲ್ಲಿ ಅವಳನ್ನು ಹತ್ತಿಸಿಕೊಂಡೆ. ಅರ್ಧ ಹಾದಿಯಲ್ಲಿ ನೆನಪಾಗಿ ಕೇಳಿದೆ, "ಆಧಾರ್ ಕಾರ್ಡ್ ತಗೊಂಡಿ ಇಲ್ಲ?"

"ಪ್ರಸ್ಥಾನದ ಚೀಲದಾಗ ಐತಿ. ಮುಖ್ಯ ವಸ್ತು ಮೊದಲ ಹೋಗಬೇಕಲ್ಲೋ!"

ಸರಿ, ಖಾಸಬಾಗಕ್ಕೆ ಹೋದೆವು. ಚಾಚಿಯ ಬಾಗಿಲಿಗೆ ದೊಡ್ಡ ಬೀಗ!

ಅತ್ತೆಯ ಮುಖ ಸಪ್ಪಗಾಯಿತು. ಈ ವಿಮಾನ ತಪ್ಪಿದರೆ ಮುಂದಿನ ಎರಡೂ ತಪ್ಪಿದಂತೆಯೇ. "ಸವಿತಾ ಒಬ್ಬಾಕಿನ ಆಗ್ತಾಳಲ್ಲೋ" ಎನ್ನುತ್ತ ಕಣ್ಣಿಗೆ ಸೆರಗು ಹಚ್ಚಿದಳು. ನಾನು ಚಾಚಿಗೆ ಫೋನ್ ಹಚ್ಚಿದೆ.

"ಎಲ್ಲಿ ಅದೀರಿ ಚಾಚಿ?"

"ಎಲ್ಲಿ ಅಂದ್ರ? ಸಾಂಬ್ರಾದಾಗ! ನಿಮಗ ಸುತ್ತಿನ ಹಾದಿ ಯಾಕಂತ ನಾನ ಆಟೋದಾಗ ಚೀಲ ತಂದೀನಿ. ಸುಶೀಲಾನ ಫೋನ್ ಯಾಕ ಬಂದ್ ಐತಿ? ಹಚ್ಚಿ ಹಚ್ಚಿ ಸಾಕಾತು."

ಅತ್ತೆಯತ್ತ ನೋಡಿದೆ.

"ವಿಮಾನದಾಗ ಫೋನ್ ಬಂದ್ ಮಾಡಬೇಕಂತ ನೀನ ಹೇಳಿದ್ದೆಲ್ಲ? ಮರೀಬಾರದಂತ ಕಾರ್ ಹತ್ತಿದಾಗನ ಮಾಡೀನಿ."

ನಗಲೋ, ಅಳಲೋ? ಟ್ರಾಫಿಕ್ಕಿನಲ್ಲಿ ಹೇಗೋ ನುಸುಳಿ ಸಾಂಬ್ರಾ ಮುಟ್ಟಿದರೆ, ಗೇಟಿನ ಬಾಜೂಕೆ ಚಾಚಿ ಚೀಲ ಅಪ್ಪಿಕೊಂಡು ನಿಂತಿದ್ದರು. ಅತ್ತೆಯ ಕಣ್ಣೊರೆಸಿ, "ನಡಿ ನಡಿ, ಅಳೂದಿದ್ರ ಅಲ್ಲಿ ಹೋಗಿ ಅಳು" ಎಂದು ಒಳಗೆ ತಳ್ಳಿದರು. ಅವರನ್ನು ಕಂಡು ನನಗೆ ಎಷ್ಟು ಖುಷಿಯಾಯಿತೆಂದರೆ, ಕೈಮುಗಿದೇಬಿಟ್ಟೆ. ಊರಿಂದೂರಿಗೆ ದೂರ ಅಳೆಯುವ ವೆಬ್‌ಸೈಟ್‌ಗೆ ಇಂಥ ಗೆಳತಿಯರ ಸುದ್ದಿ ಗೊತ್ತಿದೆಯೇ?

ಬುಧವಾರ ಸಂಜೆ ಜೋರ್ಹಾಟ್‌ನಿಂದ ಫೋನು.

"ಮುಟ್ಟೀನೋ ತಮ್ಮಾ! ಮುಂಜಾನೆ ಬಂದು, ಕೈಕಾಲು ತೊಳಕೊಂಡು, ಚಾ ಕುಡದೆ. ಕಪ್ ಕೆಳಗಿಟ್ಟೆ, ಸವಿತಾಗ ಬ್ಯಾನಿ ಸುರು ಆತು. ಹೆಣ್ಣಕೂಸು!"

ವಿಮಾನ ಯಾರಿಗೂ ಕಾಯುವುದಿಲ್ಲ. ಮೊಮ್ಮಗಳು ಮಾತ್ರ ಅಜ್ಜಿ ಚಹಾ ಕುಡಿದು ಮುಗಿಸುವವರೆಗೂ ಕಾದಳು!