ಏಳನೇ ಡೆಕ್ಕಿನ ಟೀವಿಗೆ ಕುಂಕುಮ

ಕೊರಗಪ್ಪನಿಗೆ ಹಡಗಿನ ಕಂಪನಿ ನಾಲ್ಕು ಸಾವಿರದ ಇನ್ನೂರು ರೂಪಾಯಿ ಬಾಕಿ ಇಟ್ಟಿದೆ. ಕಳೆದ ದಸರೆಯ ಪ್ರಯಾಣದಲ್ಲಿ ಏಳನೇ ಡೆಕ್ಕಿನ ಕೋಣೆಗಳಿಗೆ ಅವನು ಹೊತ್ತ ಚಹಾದ ಮೇಲೆ ಸಿಗಬೇಕಾದ ಸರ್ವಿಸ್ ಪಾಲು ಅದು. ಕೇಳಿದರೆ, ಆ ಚಹಾ ಮಾರಿದ್ದು ಕೊರಗಪ್ಪನಲ್ಲ, ಕೋಣೆಯಲ್ಲಿರುವ ಟೀವಿ, ಆದ್ದರಿಂದ ಪಾಲು ಟೀವಿಯ ಖಾತೆಗೆ ಎನ್ನುತ್ತದೆ ಕಂಪನಿ. ಟೀವಿಗೆ ಹೆಂಡತಿ ಇಲ್ಲ, ಮಲಾಡಿನಲ್ಲಿ ಬಾಡಿಗೆ ಕೋಣೆ ಇಲ್ಲ, ಮೊಣಕಾಲೇ ಇಲ್ಲದ ಮೇಲೆ ಮೊಣಕಾಲು ನೋವಿನ ಮಾತೆಲ್ಲಿ ಬಂತು? ಆದರೂ ದುಡ್ಡು ಅದರದ್ದಂತೆ.

ಕೊರಗಪ್ಪನನ್ನು ಹೊಗಳಲು ನಾನು ಇದನ್ನು ಬರೆಯುತ್ತಿಲ್ಲ. ಆ ಕೆಲಸವನ್ನು ಅವನೇ ಮಾಡಿಕೊಳ್ಳುತ್ತಾನೆ, ಬೇರೆಯವರಿಗೆ ಜಾಗ ಬಿಡುವುದಿಲ್ಲ. ಕಾಪು ಕಡೆಯವನು. ಮುಂಬೈಯ ಬೈಕುಲ್ಲಾದ ಉಡುಪಿ ಹೋಟೆಲೊಂದರಲ್ಲಿ ಇಪ್ಪತ್ತೈದು ವರ್ಷ ಸಪ್ಲೈಯರ್ ಆಗಿದ್ದ. ಅಲ್ಲಿ ಚೀಟಿ ಬರೆಯುವ ಪದ್ಧತಿ ಇರಲಿಲ್ಲ. ಗಿರಾಕಿ ಹೇಳಿದ್ದನ್ನು ಅಡುಗೆಮನೆಗೆ ಕೂಗಬೇಕು, ಅಷ್ಟೆ. ಒಮ್ಮೆ ಕೂಗಿದ ಆರ್ಡರ್ ಮೇಜಿಗೆ ಮುಟ್ಟಲೇಬೇಕು. ಗಿರಾಕಿ ಎದ್ದುಹೋಗಿದ್ದರೂ ಅವನನ್ನು ರಸ್ತೆಯಲ್ಲಿ ಹಿಡಿದು ದೋಸೆ ಕೊಟ್ಟು ಬಂದ ಕಥೆಯನ್ನು ಕೊರಗಪ್ಪ ಈಗಲೂ ಹೇಳುತ್ತಾನೆ. ಪ್ರತಿ ಸಲ ಹೇಳುವಾಗ ಆ ರಸ್ತೆ ಸ್ವಲ್ಪ ಉದ್ದವಾಗುತ್ತದೆ.

ಮಾಲೀಕ ಹೋಟೆಲನ್ನು ಟೈಲ್ಸ್ ಅಂಗಡಿಯವನಿಗೆ ಮಾರಿದಾಗ ಹೋಟೆಲ್ ಕಾರ್ಮಿಕರ ಯೂನಿಯನ್ನಿನ ನಾವು ಬಾಗಿಲಿಗೆ ಧರಣಿ ಕೂತೆವು. ಘೋಷಣೆ ಕೂಗಲು ಕೊರಗಪ್ಪನನ್ನು ನಿಲ್ಲಿಸಿದ್ದು ದೊಡ್ಡ ತಪ್ಪಾಯಿತು. ಅವನ ಬಾಯಲ್ಲಿ ಬಂದದ್ದು, "ಏಕ್ ಜಿಂದಾಬಾದ್! ದೋ ಮುರ್ದಾಬಾದ್! ಒಂದು ಮುರ್ದಾಬಾದ್ ಬೇಗ!" ನಮ್ಮನ್ನು ಎಬ್ಬಿಸಲು ಬಂದ ಪೊಲೀಸರಿಗೂ ಚಹಾ ಬೇಕೇ ಎಂದು ಕೇಳಿ, ಸಕ್ಕರೆ ಕಮ್ಮಿಯವರನ್ನು ಬೇರೆ ನಿಲ್ಲಿಸಿದ. ಆ ಹೋರಾಟ ನಾವು ಸೋತೆವು. ಚಹಾ ಮಾತ್ರ ಎಲ್ಲರಿಗೂ ಮುಟ್ಟಿತು.

ಆಮೇಲೆ ಅವನು ಹಡಗು ಹತ್ತಿದ. ಮುಂಬೈಯಿಂದ ಗೋವಾ, ಅಲ್ಲಿಂದ ಲಕ್ಷದ್ವೀಪ ಅಂತ ಜನರನ್ನು ಸುತ್ತಾಡಿಸಿ ತರುವ ವಿಹಾರದ ಹಡಗು. ಐವತ್ತೆರಡು ವರ್ಷದ ಮನುಷ್ಯನಿಗೆ ಅಲ್ಲಿ ರೂಮ್‌ಬಾಯ್ ಎಂದು ಹೆಸರು. ಹಾಸಿಗೆ ಸರಿಮಾಡುವುದು, ಕೇಳಿದ್ದನ್ನು ತಂದುಕೊಡುವುದು. ಮಲಾಡಿನಲ್ಲಿ ಟಿಫಿನ್ ಡಬ್ಬಿ ಕಟ್ಟುವ ಅವನ ಹೆಂಡತಿ ವಿನೋದಿನಿ ಇದಕ್ಕೆ ಹೇಳಿದ್ದು ಇಷ್ಟೇ: "ಮನೆಯಲ್ಲಿ ಒಂದು ಚಾದರ ಮಡಚಿದವರಲ್ಲ. ಸಮುದ್ರದ ನಡುವೆ ಹೋಗಿ ಮಡಚ್ತಾರಂತೆ."

ಕಳೆದ ವರ್ಷ ಮಳೆ ಮುಗಿದು ಹಡಗು ಮತ್ತೆ ಹೊರಡುವ ಹೊತ್ತಿಗೆ ಕೊರಗಪ್ಪನ ಏಳನೇ ಡೆಕ್ಕಿನ ಪ್ರತಿ ಕೋಣೆಯಲ್ಲೂ ಹೊಸ ಟೀವಿ ಕೂತಿತ್ತು. ನೋಡಿ ಸುಮ್ಮನಿರುವ ಟೀವಿಯಲ್ಲ. ಮುಟ್ಟಿದರೆ ಮಾತಾಡುತ್ತದೆ, ಪ್ರಯಾಣಿಕ ಒಳಗೆ ಬಂದರೆ ಹೆಸರು ಹಿಡಿದು ನಮಸ್ಕಾರ ಹೇಳುತ್ತದೆ, ಊಟ ತಿಂಡಿ ತರಿಸುತ್ತದೆ. ಮೇಲ್ಗಡೆ ನಡುಮಧ್ಯದಲ್ಲಿ ಅದಕ್ಕೊಂದು ಪುಟ್ಟ ದುಂಡನೆ ಕಣ್ಣು. ಕೋಣೆಯಲ್ಲಿ ಜನ ಇದ್ದಾರೋ ಇಲ್ಲವೋ ಎಂದು ಆ ಕಣ್ಣು ನೋಡುತ್ತದೆ. ಇಲ್ಲದಿದ್ದರೆ ದೀಪ, ಎ.ಸಿ. ಆರಿಸುತ್ತದೆ. ಇದನ್ನೆಲ್ಲ ಕೆಲಸದವರಿಗೆ ವಿವರಿಸಿದವನು ಅಚಿಂತ್ಯ ಎಂಬ ಹುಡುಗ ಮ್ಯಾನೇಜರ್. ಅಪ್ಪ ಅಮ್ಮ ಬೆಂಗಳೂರಿನವರು, ಇವನು ಬೆಳೆದದ್ದು ದಾದರಿನಲ್ಲಿ.

"ಚಾ ಅದೇ ತರ್ತದಾ?" ಎಂದು ಕೊರಗಪ್ಪ ಕೇಳಿದ.

"ನೋ ಅಂಕಲ್, ತರೋದು ನೀವೇ. ಅದು ಆರ್ಡರ್ ತಗೊಳ್ತದೆ ಬಸ್."

"ಆರ್ಡರ್ ತಕ್ಕೊಳ್ಳುವುದು ಒಂದು ಕೆಲಸವಾ ಮಾರಾಯ್ರೆ? ಅದು ಕಿವಿ ಇದ್ದವರೆಲ್ಲ ಮಾಡ್ತಾರೆ."

"ಅಂಕಲ್, ಟ್ರಾಯಲ್ ಇದೆ. ದಸರಾ ಟ್ರಿಪ್‌ನಲ್ಲಿ ಸಕ್ಸೆಸ್ ಆಯ್ತು ಅಂದ್ರೆ ಎಲ್ಲಾ ಡೆಕ್‌ಗೂ ಹಾಕ್ತಾರೆ. ಆಮೇಲೆ ಒಬ್ಬರೇ ಎರಡು ಡೆಕ್ ನೋಡಬಹುದು."

"ಇನ್ನೊಬ್ಬ?"

ಅಚಿಂತ್ಯ ಫೋನ್ ತೆಗೆದು ನೋಡಿದ. ಉತ್ತರ ಎಲ್ಲರಿಗೂ ಗೊತ್ತಿತ್ತು. ಅರ್ಧ ಜನ ಮನೆಗೆ. ವಯಸ್ಸಾದವನು ಮೊದಲು. ಅಂದರೆ ಕೊರಗಪ್ಪ.

ಇಂಥ ಹೊತ್ತಲ್ಲಿ ಬುದ್ಧಿವಂತ ಏನು ಮಾಡುತ್ತಾನೆ? ಯೂನಿಯನ್ನಿಗೆ ಬರುತ್ತಾನೆ. ಕೊರಗಪ್ಪ ದಾದರಿನ ಹೂವಿನ ಮಾರ್ಕೆಟ್ಟಿಗೆ ಹೋದ. ಗೊಂಡೆ ಹೂವಿನ ಮಾಲೆ, ಕುಂಕುಮ, ಗಂಧ ಕಟ್ಟಿಸಿಕೊಂಡು ಹಡಗು ಹತ್ತಿದ. ಬೈಕುಲ್ಲಾದ ಹೋಟೆಲಿನಲ್ಲಿ ಪ್ರತಿ ಆಯುಧಪೂಜೆಗೆ ರುಬ್ಬುವ ಯಂತ್ರಕ್ಕೆ, ತಕ್ಕಡಿಗೆ, ಕೊನೆಗೆ ಬೆರಳು ಕಚ್ಚುವ ಶಟರಿಗೂ ಪೂಜೆ ಮಾಡಿದವನು ಅವನೇ. ಟೀವಿಯೂ ಯಂತ್ರವಲ್ಲವೇ?

"ನಿಮ್ಮ ಅನ್ನ ಕಸಿಯುವುದಕ್ಕೆ ಬಂದದ್ದಕ್ಕೆ ಪೂಜೆಯಾ?" ಎಂದು ವಿನೋದಿನಿ ಕೇಳಿದಳಂತೆ.

"ಪೂಜೆ ಮಾಡಿದ್ರೂ ಕಸೀತದೆ, ಮಾಡದಿದ್ರೂ ಕಸೀತದೆ. ಮಾಡಿದ್ರೆ ಸ್ವಲ್ಪ ಮರ್ಯಾದೆಯಿಂದ ಕಸೀಬಹುದು."

ಹಡಗು ಗೋವಾದ ಹತ್ತಿರವಿದ್ದ ದಿನ ನವಮಿ. ಪ್ರಯಾಣಿಕರೆಲ್ಲ ಬೆಳಗಿನ ತಿಂಡಿಗೆ ಹೋದದ್ದೇ ತಡ, ಕೊರಗಪ್ಪ ಕೋಣೆ ಕೋಣೆಗೂ ಹೋಗಿ ಟೀವಿಗೆ ಮಾಲೆ ಹಾಕಿದ. ಗಂಧ ಕಲಸಿದ ಒದ್ದೆ ಕುಂಕುಮ ಹಚ್ಚಿದ: ನಾಲ್ಕು ಮೂಲೆಗೆ ನಾಲ್ಕು ಬೊಟ್ಟು, ಹಣೆಗೆ ಒಂದು ದೊಡ್ಡದು. ಟೀವಿಗೆ ಹಣೆ ಎಲ್ಲಿ? ಮೇಲ್ಗಡೆ ನಡುಮಧ್ಯ. ಕಣ್ಣು ಇದ್ದದ್ದೂ ಅಲ್ಲೇ. ಇನ್ನು ಬಲಗಡೆ ಕೆಳಮೂಲೆಯಲ್ಲಿ ಚಹಾ ಕಪ್ಪಿನ ಚಿತ್ರವಿತ್ತು. ಒತ್ತಿದರೆ ಒಂದು ಚಹಾ. ಅದರ ಮೇಲೆ ಒದ್ದೆ ಬೊಟ್ಟು, ಒತ್ತಿ ಹಿಡಿದ ಬೆರಳಿನ ಹಾಗೆ ಕೂತಿತು.

ತಿಂಡಿ ಮುಗಿಸಿ ಬಂದವರಿಗೆ ಏಳನೇ ಡೆಕ್ಕಿನ ಕಿಟಕಿಯಿಲ್ಲದ ಕೋಣೆಗಳು ಪೂರ್ತಿ ಕತ್ತಲು. ಕಣ್ಣು ಮುಚ್ಚಿದ ಟೀವಿಗಳು, ಕೋಣೆಯಲ್ಲಿ ಯಾರೂ ಇಲ್ಲವೆಂದು ದೀಪ ಆರಿಸಿ ಎ.ಸಿ. ನಿಲ್ಲಿಸಿದ್ದವು. ಕೆಳಗಿನ ಅಡುಗೆಮನೆಯಲ್ಲಿ ಮಾತ್ರ ಚೀಟಿಯ ಮೇಲೆ ಚೀಟಿ. ಏಳನೇ ಡೆಕ್ಕಿಗೆ ಚಹಾ, ಚಹಾ, ಮತ್ತೆ ಚಹಾ.

"ಊಪರ್ ಕ್ಯಾ ಶಾದಿ ಹೈ?" ಮೇಲೇನು ಮದುವೆಯೋ ಎಂದು ಅಡುಗೆಯವನು ಫೋನಿನಲ್ಲಿ ಕಿರುಚಿದ.

ಕೊರಗಪ್ಪನಿಗೆ ತಾನು ಹಚ್ಚಿದ ಬೊಟ್ಟಿನ ನೆನಪೇ ಬರಲಿಲ್ಲ. ಬಂದ ಯೋಚನೆ ಒಂದೇ. ಇದೇ ಆ ಟ್ರಾಯಲ್. ಟೀವಿ ತನ್ನನ್ನು ಓಡಿಸಿ ಸೋಲಿಸಲು ನೋಡುತ್ತಿದೆ. ಸೋಲುವ ಜಾತಿಯವನಲ್ಲ ಅವನು. ಮೆಟ್ಟಿಲು ಹತ್ತಿದ, ಇಳಿದ, ಹತ್ತಿದ. ಬೈಕುಲ್ಲಾ ಕಲಿಸಿದಂತೆ ಬೆರಳಿಗೊಂದು ಕಪ್ಪು ಸಿಕ್ಕಿಸಿ ಓಡಿದ.

ಮೊದಲ ಕೋಣೆ ರಾಮಸ್ವಾಮಿ, ಸರಸ್ವತಿ ದಂಪತಿಯದು. ಮೈಸೂರು ಕಡೆಯವರು, ಮಲಾಡಿನ ಹೌಸಿಂಗ್ ಸೊಸೈಟಿಯೊಂದರಲ್ಲಿ ವಾಸ. ಆತ ನಿವೃತ್ತ ಬ್ಯಾಂಕ್ ಅಧಿಕಾರಿ. ಕೊರಗಪ್ಪ ಬಾಗಿಲು ತೆರೆದಾಗ ರಾಮಸ್ವಾಮಿಯವರು ಕತ್ತಲಲ್ಲಿ ಟೀವಿಯ ಮುಂದೆ ನಿಂತು ಎರಡೂ ಕೈ ಬೀಸುತ್ತಿದ್ದರು. "ನಾನಿದ್ದೀನಿ! ಇಲ್ಲೇ ಇದ್ದೀನಿ!"

"ನೀವು ಮನೇಲಿದ್ದೀರೋ ಇಲ್ವೋ ಅಂತ ನಲವತ್ತು ವರ್ಷ ಸಂಸಾರ ಮಾಡಿದ ನನಗೇ ಗೊತ್ತಾಗಿಲ್ಲ ಕಣ್ರೀ," ಎಂದರು ಸರಸ್ವತಿ. "ಮೊನ್ನೆ ಬಂದಿರೋ ಅದಕ್ಕೆ ಹೇಗೆ ಗೊತ್ತಾಗತ್ತೆ?"

"ಚಹಾ ಸಾರ್," ಎಂದ ಕೊರಗಪ್ಪ.

"ನಾನು ಹೇಳಿಲ್ವಲ್ಲಪ್ಪ!"

"ಟೀವಿ ಹೇಳಿದೆ."

"ಬಂದಿದೆಯಲ್ಲ, ಇಡಿಸಿಕೊಳ್ಳಿ," ಎಂದರು ಸರಸ್ವತಿ. ಅವರು ಕುಡಿದು ಮುಗಿಸುವುದರೊಳಗೆ ಇನ್ನೆರಡು ಕಪ್ಪು ಬಂದವು.

ಮಧ್ಯಾಹ್ನದ ಹೊತ್ತಿಗೆ ಬೆವರಿದ ಪ್ರಯಾಣಿಕರು ಕೋಣೆಗಳ ಕುರ್ಚಿ ಎಳೆದು ಹೊರಗೆ ಕೂತಿದ್ದರು. ಏಳನೇ ಡೆಕ್ಕಿನ ಕಾರಿಡಾರು ಸಾಲುಮನೆಗಳ ಮುಂಬೈ ಚಾಳಿನ ಗ್ಯಾಲರಿ ಆಗಿಬಿಟ್ಟಿತು. ಕಾಲು ಚಾಚಿದವರು, ಬಾಗಿಲಲ್ಲಿ ನಿಂತು ಸೊಸೆಯ ದೂರು ಹೇಳುವವರು, ಎಲ್ಲರ ಕೈಯಲ್ಲೂ ಚಹಾ. ಲಕ್ಷ ಸುರಿದು ಸಮುದ್ರಕ್ಕೆ ಬಂದವರು ಹಾಗೆ ನಗುವುದನ್ನು ಹಡಗಿನವರು ನೋಡಿರಲಿಲ್ಲವಂತೆ.

ಅಚಿಂತ್ಯ ಓಡಿಬಂದ. ಟೀವಿಯ ಹಣೆ ನೋಡಿದ, ಮೂಲೆ ನೋಡಿದ. ಎಲ್ಲವೂ ಅರ್ಥವಾಯಿತು.

"ಅಂಕಲ್, ಇದು ಟೋಟಲ್ ಸಬೊಟಾಜ್ ಇದೆ!"

"ಪೂಜೆ ಅದು."

"ಪಹಲೇ ಒರೆಸಿ ಅದನ್ನ!"

"ನವಮಿ ದಿನ ಪೂಜೆಯ ಕುಂಕುಮ ನಾನು ಒರೆಸುವುದಾ? ನನ್ನ ಕೈ ಬರುವುದಿಲ್ಲ. ನೀವು ಮ್ಯಾನೇಜರ್ ಅಲ್ಲವಾ, ಒರೆಸಿ."

ಅಚಿಂತ್ಯ ಟಿಶ್ಯೂ ಹಿಡಿದು ಮುಂದೆ ಬಂದ. ಕಾರಿಡಾರಿನ ಅಷ್ಟೂ ಜನ ಅವನ ಕೈಯನ್ನೇ ನೋಡಿದರು. ಕೈ ಅರ್ಧಕ್ಕೆ ನಿಂತಿತು. ಅವನು ಪಕ್ಕಕ್ಕೆ ಸರಿದು ಅಮ್ಮನಿಗೆ ಫೋನ್ ಮಾಡಿದ. ಆ ತಾಯಿಗೆ ಸ್ಪೀಕರಿನ ಅಗತ್ಯವೇ ಇರಲಿಲ್ಲ.

"ಅಚ್ಚೂ, ಹಬ್ಬದ ದಿನ ಕುಂಕುಮ ಅಳಿಸ್ತಿಯೇನೋ? ನಾಳೆ ದಶಮಿ ಪೂಜೆ ಆಗಲಿ. ಟೀವಿ ಒಂದು ದಿನ ಬಾಯಿ ಮುಚ್ಚಿಕೊಂಡಿದ್ರೆ ಯಾರ ಗಂಟು ಹೋಗತ್ತೆ? ಊಟ ಮಾಡಿದ್ಯಾ?"

"ಆಯುಧಪೂಜೆ ದಿನ ಆಯುಧಾನ ಕೆಲಸಕ್ಕೆ ಹಚ್ಚಬಾರದು ಕಣಪ್ಪ," ಎಂದು ಸರಸ್ವತಿ ಸೇರಿಸಿದರು. ಟೀವಿಗಳ ಪ್ಲಗ್ಗು ಕಿತ್ತರೆ ಟ್ರಾಯಲ್ಲೇ ರದ್ದು. ಆ ಧೈರ್ಯ ಅಚಿಂತ್ಯನಿಗೆ ಇರಲಿಲ್ಲ. ಹೀಗೆ ಇಡೀ ದಿನ ಬೊಟ್ಟು ಉಳಿಯಿತು, ಇಡೀ ದಿನ ಚಹಾ ಬಂತು, ಇಡೀ ದಿನ ಕೊರಗಪ್ಪ ಹೊತ್ತ. ಮರುದಿನ ಸರಸ್ವತಿಯವರೇ ಕೋಣೆ ಕೋಣೆಗೂ ಹೋಗಿ ಟೀವಿಗೆ ಕೈಮುಗಿದು ಒರೆಸಿದರು. ದೀಪ ಹತ್ತಿತು.

ಅಚಿಂತ್ಯ ಕೆಲಸ ಹೋಯಿತೆಂದು ಮುಖ ಬಾಡಿಸಿ ಕೂತಿದ್ದ. ಆಗ ಮುಂಬೈ ಆಫೀಸಿನಿಂದ ಫೋನ್. ಅಭಿನಂದನೆ! ಒಂದೇ ದಿನದಲ್ಲಿ ಒಂದೇ ಡೆಕ್ಕಿನಿಂದ ಇಷ್ಟು ಆರ್ಡರು ಯಾವ ಹಡಗಲ್ಲೂ ಬಂದಿಲ್ಲ. ಒಬ್ಬ ಪ್ರಯಾಣಿಕನೂ ಚಹಾ ವಾಪಸು ಕಳಿಸಿಲ್ಲ. ಟ್ರಾಯಲ್ ಭರ್ಜರಿ ಸಕ್ಸೆಸ್.

ಹಡಗು ಮುಂಬೈ ಸೇರುವ ಮೊದಲು ಪ್ರಯಾಣಿಕರ ಅಭಿಪ್ರಾಯ ಕೇಳಿದರು. ಎಲ್ಲ ಕೋಣೆಗೂ ಇಂಥ ಟೀವಿ ಹಾಕಬೇಕೇ ಬೇಡವೇ? ಕೇಳಿದ್ದು ಟೀವಿಯೇ. ಉತ್ತರಕ್ಕೆ ಎರಡು ಗುಂಡಿ. ಒಂದರ ಮೇಲೆ 'ಹೌದು', ಇನ್ನೊಂದರ ಮೇಲೆ 'ಆಮೇಲೆ ಹೇಳುತ್ತೇನೆ'. ಬೇಡ ಎನ್ನುವ ಗುಂಡಿ ಎಲ್ಲಿ ಎಂದು ರಾಮಸ್ವಾಮಿಯವರು ಹುಡುಕುತ್ತಿದ್ದಾಗ, ಟೀವಿ ಅವರನ್ನು 'ಹೌದು' ಎಂದು ಬರೆದುಕೊಂಡು ಧನ್ಯವಾದ ಹೇಳಿತು. ನಮ್ಮ ಕಾಲದ ಮಾಲೀಕರಾದರೂ ಗೂಂಡಾಗಳನ್ನು ಕರೆಸುತ್ತಿದ್ದರು, ಒಂದಿಷ್ಟು ಖರ್ಚಾದರೂ ಆಗುತ್ತಿತ್ತು.

ಕೊರಗಪ್ಪ ಅಚಿಂತ್ಯನ ಹತ್ತಿರ ಹೋದ. "ಆರ್ಡರ್ ಮಾಡಿದ್ದು ಟೀವಿ ಅಲ್ಲ, ನನ್ನ ಕುಂಕುಮ ಅಂತ ಹೇಳಿ ಅವರಿಗೆ."

ಅಚಿಂತ್ಯ ದನಿ ತಗ್ಗಿಸಿದ. "ಅಂಕಲ್, ಕುಂಕುಮ ಅಂದ್ರೆ ಅಷ್ಟೂ ಚಹಾದ ಬಿಲ್ ನಿಮ್ಮ ಮೇಲೆ, ಜಾಬ್ ಭಿ ಗಯಾ. ಟೀವಿ ಅಂದ್ರೆ ನಿಮ್ಮನ್ನ ಇಟ್ಕೊಳ್ತೀನಿ, ಎರಡು ಡೆಕ್. ಬೋಲೋ."

ಕೊರಗಪ್ಪ 'ಟೀವಿ' ಎಂದ. ಬದುಕಿನಲ್ಲಿ ಮೊದಲ ಸಲ ತನ್ನ ಕೆಲಸದ ಹೆಮ್ಮೆಯನ್ನು ಇನ್ನೊಬ್ಬರಿಗೆ ಬಿಟ್ಟುಕೊಟ್ಟ. ಪಕ್ಕದ ಡೆಕ್ಕಿನವನನ್ನು ಮನೆಗೆ ಕಳಿಸಿದರು. ತಿಂಗಳ ಕೊನೆಗೆ ಕೈಗೆ ಬಂದದ್ದು ಬರೀ ಸಂಬಳ. ಟೀವಿಯಿಂದ ಬಂದ ಆರ್ಡರಿಗೆ ಪಾಲಿಲ್ಲ ಎಂದರು. ಕುಂಕುಮ ಒರೆಸಿದ ಮೇಲೆ ಪ್ರಯಾಣಿಕರು ಸ್ವಂತ ಬೆರಳಿನಿಂದ ಒತ್ತಿ ತರಿಸಿದ್ದಕ್ಕೂ ಇಲ್ಲ.

ಆಗ ಬಂದ ಯೂನಿಯನ್ನಿಗೆ, ಹೆಂಡತಿಯನ್ನು ಮುಂದೆ ಬಿಟ್ಟುಕೊಂಡು.

"ಕುಂಕುಮದ ಸುದ್ದಿ ಹೊರಗೆ ಬಂದರೆ ಕೆಲಸ ಹೋಗಬಹುದು," ಎಂದೆವು.

"ಹೋಗ್ಲಿ," ಎಂದಳು ವಿನೋದಿನಿ. "ಎರಡು ಡೆಕ್ ಹತ್ತಿ ಇಳಿದು ಇವರ ಕಾಲು ಹೋಗಿದೆ. ರಾತ್ರಿ ಎಣ್ಣೆ ತಿಕ್ಕುವುದು ನಾನು, ಆ ಟೀವಿ ಅಲ್ಲ. ಎಲ್ಲ ಬರೆಯಿರಿ."

ಆದ್ದರಿಂದ ಬರೆದಿದ್ದೇನೆ. ಹಡಗಿನ ಕೋಣೆಗಳಲ್ಲಿ ಮಾತಾಡುವ ಟೀವಿ ಬೇಕೇ ಎಂದು ನನ್ನನ್ನು ಕೇಳಿದರೆ, ಧಾರಾಳ ಹಾಕಲಿ. ಬಚ್ಚಲಿಗೂ ಒಂದು ಹಾಕಲಿ. ರುಬ್ಬುವ ಯಂತ್ರ ಬಂದಾಗ ಯಾವ ಹೋಟೆಲ್ ಕಾರ್ಮಿಕನೂ ಒರಳುಕಲ್ಲು ಬೇಕೆಂದು ಅಳಲಿಲ್ಲ. ಆದರೆ ರುಬ್ಬುವ ಯಂತ್ರ ರುಬ್ಬುತ್ತಿತ್ತು. ಈ ಟೀವಿ ಚಹಾ ಹೊರುವುದಿಲ್ಲ, ಹೊತ್ತವನ ಹೆಸರು ಅಳಿಸುತ್ತದೆ, ಅಷ್ಟೇ. ಅದಕ್ಕೆ ಯಾಕೆ ಕೊಡಬೇಕು ಪಾಲು?

ಕಾರ್ಮಿಕ ಕಚೇರಿಯಲ್ಲಿ ಒಂದು ವಿಚಾರಣೆ ಆಗಿದೆ. ಕಂಪನಿಯ ವಕೀಲರು ಟೀವಿಯ ಲೆಕ್ಕ ತಂದಿಟ್ಟರು. ಚಹಾ ಕೇಳಿದ್ದು ಟೀವಿಯಲ್ಲಿ, ಮುಟ್ಟಿತೆಂದು ದಾಖಲಾದದ್ದೂ ಟೀವಿಯಲ್ಲಿ. ನಡುವೆ ಮನುಷ್ಯನೊಬ್ಬ ಇದ್ದ ಎನ್ನುವುದಕ್ಕೆ ಪುರಾವೆ ಏನು ಎಂದು ಅಧಿಕಾರಿ ಕೇಳಿದರು. ಕೊರಗಪ್ಪ ಬೆರಳುಗಳನ್ನು ಎತ್ತಿ ತೋರಿಸಿದ. ಅದು ಸಾಲದಂತೆ, ಕುಡಿದವರು ಬಂದು ಹೇಳಬೇಕಂತೆ. ಸರಸ್ವತಿಯವರು ಬರುತ್ತಾರೆ. ರಾಮಸ್ವಾಮಿಯವರನ್ನೂ ಕರೆತರುತ್ತಾರೆ, ಅವರು ಇದ್ದಾರೆಂದು ಆಫೀಸರಿಗೆ ತಾವೇ ಖಾತ್ರಿ ಕೊಡುತ್ತಾರಂತೆ. ಇಬ್ಬರೇ ಸಾಲದು.

ಕಳೆದ ದಸರೆಯಲ್ಲಿ ಏಳನೇ ಡೆಕ್ಕಿನ ಕಾರಿಡಾರಿನಲ್ಲಿ ಕಾಲು ಚಾಚಿ ಕೂತು ಕೇಳದ ಚಹಾ ಕುಡಿದವರಲ್ಲಿ ಕನ್ನಡ ಓದುವವರು ತುಂಬ ಜನ ಇದ್ದೀರಿ. ಬರುವ ಮಂಗಳವಾರ ಬೆಳಿಗ್ಗೆ ಹತ್ತಕ್ಕೆ ದಾದರ್ ಸ್ಟೇಷನ್ನಿನ ಹೂವಿನ ಮಾರ್ಕೆಟ್ ಕಡೆಯ ಮೆಟ್ಟಿಲ ಕೆಳಗೆ ನಿಂತಿರುತ್ತೇವೆ, ಅಲ್ಲಿಂದ ಒಟ್ಟಿಗೆ ಕಾರ್ಮಿಕ ಕಚೇರಿಗೆ ಹೋಗೋಣ. ಲೋಕಲ್ ತಡವಾಯಿತು, ಮೊಮ್ಮಗನಿಗೆ ಜ್ವರ ಎನ್ನಬೇಡಿ. ಬನ್ನಿ, ಆಫೀಸರ ಎದುರು ನಿಂತು ಬಾಯಿ ಬಿಟ್ಟು ಹೇಳಿ: ನಿಮ್ಮ ಕೈಗೆ ಆ ಕಪ್ಪು ಕೊಟ್ಟವರು ಯಾರು?